ಎರಡು ಸವೆದ ಪಿನ್ನುಗಳು

ನನ್ನ ಬರೆಯುವ ಮೇಜಿನ ಖಾನೆಯಲ್ಲಿ, ಒಣಗಿದ ಪೆನ್ನುಗಳು, ಬೀಗ ಕಳೆದುಕೊಂಡ ಬೀಗದಕೈಗಳು, ಯಾವ ಅಂಗಿಯವೆಂದು ಮರೆತುಹೋದ ಗುಂಡಿಗಳ ನಡುವೆ ಒಂದು ನಶ್ಯದ ಡಬ್ಬಿಯಿದೆ. ಇಂಥದೊಂದು ಖಾನೆ ನಿಮ್ಮ ಮನೆಯಲ್ಲೂ ಇರುತ್ತದೆ, ಇಲ್ಲವೆನ್ನಬೇಡಿ. ಆ ಡಬ್ಬಿಯೊಳಗೆ ಕಿರುಬೆರಳಿನ ಒಂದು ಗೆಣ್ಣಿನಷ್ಟುದ್ದದ ಎರಡು ಉಕ್ಕಿನ ಕಡ್ಡಿಗಳಿವೆ. ನೋಡಿದವರು ಹೊಲಿಗೆ ಯಂತ್ರದ್ದೋ ಸೈಕಲ್ಲಿನದೋ ಎಂದುಕೊಳ್ಳುತ್ತಾರೆ. ಅವು ನಮ್ಮ ತಂದೆಯ ಜೋಡುನಳಿಗೆ ಕೋವಿಯ ಫೈರಿಂಗ್ ಪಿನ್ನುಗಳು. ಕುದುರೆ, ಅಂದರೆ ಟ್ರಿಗರು, ಎಳೆದಾಗ ಹಿಂದಿನಿಂದ ಪೆಟ್ಟು ತಿಂದು, ಮುಂದೆ ಚಿಮ್ಮಿ, ಕಾಡತೂಸಿನ ಬೆನ್ನಿಗೆ ಚುಚ್ಚಿ ಮದ್ದನ್ನು ಎಬ್ಬಿಸುವುದು ಇವುಗಳ ಕೆಲಸ.

ನಾವು ವಿಭೂತಿ ಧರಿಸಿದ ಮೇಲೆಯೇ ಕಾಫಿ ಕುಡಿಯುವ ಜನ. ಜಯಲಕ್ಷ್ಮಿಪುರಂನ ನಮ್ಮ ಮನೆಯ ಹೊಸಿಲನ್ನು ಮೊಟ್ಟೆ ಹಾಕಿದ ಕೇಕು ಕೂಡ ದಾಟಿದ್ದಿಲ್ಲ. ಅಂಥ ಮನೆಯಲ್ಲಿ ಕೋವಿಗೇನು ಕೆಲಸ ಎಂದು ನೀವು ಕೇಳುವುದು ನ್ಯಾಯವೇ. ಶ್ರೀರಾಂಪುರದ ಆಚೆ, ಬಡಾವಣೆಗಳು ಇನ್ನೂ ಕಾಲಿಡದಿದ್ದ ತೊಂಬತ್ತರ ದಶಕದ ಮೊದಲಲ್ಲಿ, ನಮಗೊಂದು ತೆಂಗಿನ ತೋಟವಿತ್ತು. ಮರಗಳ ನಡುವೆ ಕಡಲೆಕಾಯಿ, ಗೆಣಸು ಹಾಕುತ್ತಿದ್ದೆವು. ಬೆಟ್ಟದ ಕಡೆಯಿಂದ ಕಾಡುಹಂದಿಗಳು ಬಂದು ಅದನ್ನು ಉತ್ತುಹಾಕುತ್ತಿದ್ದವು. ಅದಕ್ಕಾಗಿ ತಾತ ಲೈಸೆನ್ಸು ಮಾಡಿಸಿ ಕೋವಿ ತಂದಿದ್ದರು, ಅವರ ನಂತರ ಅದು ತಂದೆಯ ಹೆಸರಿಗೆ ಬಂತು. ತಂದೆ ಹೊಡೆಯುತ್ತಿದ್ದದ್ದು ಆಕಾಶಕ್ಕೆ. ಹಂದಿ ಓಡಬೇಕು, ಸಾಯಬಾರದು, ಅಷ್ಟೇ ಅವರ ಲೆಕ್ಕಾಚಾರ. ಈ ಒಪ್ಪಂದದ ವಿಷಯ ಹಂದಿಗಳಿಗೂ ತಿಳಿದಿತ್ತೆಂದು ನನ್ನ ಗುಮಾನಿ, ಏಕೆಂದರೆ ವಾರದೊಳಗೆ ಸಂಸಾರಸಮೇತ ಮರಳುತ್ತಿದ್ದವು.

ಹೊಡೆಯುವುದು ವರ್ಷಕ್ಕೆ ನಾಲ್ಕು ಸಲವಾದರೂ ಕೋವಿಯ ಆರೈಕೆ ವಾರವಾರವೂ ನಡೆಯುತ್ತಿತ್ತು. ಭಾನುವಾರ ಸ್ನಾನ, ಲಿಂಗಪೂಜೆ ಮುಗಿದ ಮೇಲೆ ತಂದೆ ಪಡಸಾಲೆಯಲ್ಲಿ ಚಾಪೆ ಹಾಸಿ, ಹಳೆಯ ಪಂಚೆಯ ತುಂಡಿನಿಂದ ನಳಿಗೆ ಒರೆಸಿ, ಎಣ್ಣೆ ಸವರಿ, ಕೊನೆಗೆ ಖಾಲಿ ಕೋವಿಯನ್ನು ಮುಚ್ಚಿ ಎರಡೂ ಕುದುರೆಗಳನ್ನು ಎಳೆಯುತ್ತಿದ್ದರು. ಒಂದು ಸಲವಲ್ಲ, ಹತ್ತಾರು ಸಲ. ಸ್ಪ್ರಿಂಗು ಜಡ್ಡುಗಟ್ಟಬಾರದೆಂದು ತಾತ ಹೇಳಿಕೊಟ್ಟಿದ್ದರಂತೆ. ಮಿಕ್ಕವರ ಮನೆಯಲ್ಲಿ ಭಾನುವಾರ ರೇಡಿಯೋ ಕೇಳಿಸುತ್ತಿದ್ದರೆ ನಮ್ಮ ಮನೆಯಲ್ಲಿ ಟಕ್ಕು ಟಕ್ಕೆಂಬ ಸದ್ದು ಕೇಳಿಸುತ್ತಿತ್ತು.

ಒಂದು ವರ್ಷ ಹಂದಿಗಳು ಕಡಲೆಕಾಯಿಯ ಮಡಿಗಳನ್ನು ಒಂದೂ ಬಿಡದೆ ಬಗೆದುಹಾಕಿದವು. ತೋಟದಲ್ಲೇ ಗುಡಿಸಲು ಹಾಕಿಕೊಂಡಿದ್ದ ನಮ್ಮ ಕಾವಲುಗಾರ ಮಾದಪ್ಪ ಬಂದು ಸುದ್ದಿ ಹೇಳಿದ. ಸಂಜೆಯ ಹೊತ್ತಿಗೆ ತಂದೆ, ನಾನು ಸ್ಕೂಟರಿನಲ್ಲಿ ಹೊರಟೆವು. ನಾನಾಗ ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ್ದ ಹೊಸತು. ತಂದೆಯ ಸಿಟ್ಟನ್ನು ಬಹಳ ಸ್ವಾರಸ್ಯದಿಂದ ಗಮನಿಸುತ್ತಿದ್ದೆ. ಮಾದಪ್ಪ ಕಾಣಲಿಲ್ಲ. ಬದುವಿನ ಲಾಂಟಾನ ಪೊದೆ ಅಲ್ಲಾಡಿತು. ತಂದೆ ಕೋವಿ ಎತ್ತಿದರು, ಈ ಸಲ ಆಕಾಶಕ್ಕಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಕೊಲ್ಲಬೇಕೆಂದು ಗುರಿಯಿಟ್ಟು ಕುದುರೆ ಎಳೆದರು. ಟಕ್ಕೆಂದಿತು, ಗುಂಡು ಹಾರಲಿಲ್ಲ. ಇನ್ನೊಂದನ್ನು ಎಳೆದರು. ಅದೂ ಟಕ್ಕೆಂದಿತು.

ಪೊದೆಯಿಂದ ಎದ್ದು ನಿಂತವನು ಮಾದಪ್ಪ, ಕಂಕುಳಲ್ಲಿ ಹುಲ್ಲಿನ ಹೊರೆ. "ಯಾವಾಗ ಬಂದ್ರಿ ಬುದ್ಧಿ? ಒಂದ್ ಕೂಗ್ ಹಾಕ್ಬಾರ್ದಾ!" ಎಂದು ನಕ್ಕ. ತಂದೆ ಕೋವಿಯನ್ನು ನನ್ನ ಕೈಗೆ ಕೊಟ್ಟು ಬದುವಿನ ಮೇಲೆ ಕೂತುಬಿಟ್ಟರು. ಅವನಿಗೆ ಏನೂ ತಿಳಿಯಲಿಲ್ಲ, ನಾವೂ ಹೇಳಲಿಲ್ಲ. ನಾನು ಅವನಿಗೆ ಬೆನ್ನು ಮಾಡಿ, ಸಿಡಿಯದ ಎರಡೂ ಕಾಡತೂಸುಗಳನ್ನು ಹೊರತೆಗೆದೆ.

ಮಾರನೆಯ ದಿನ ಲಷ್ಕರ್ ಮೊಹಲ್ಲಾದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಗಫಾರ್ ಸಾಹೇಬರ ಅಂಗಡಿಗೆ ಹೋದೆವು. ಸಾಹೇಬರು ಮೊದಲು ಲೈಸೆನ್ಸು ನೋಡಿ, ಆಮೇಲೆ ನಮ್ಮ ಹಣೆಯ ವಿಭೂತಿ ನೋಡಿ, ಕೋವಿ ಬಿಚ್ಚಿದರು. ಪಿನ್ನುಗಳನ್ನು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು. ತುದಿ ಹೆಸರುಕಾಳಿನಂತೆ ದುಂಡಗಿರಬೇಕಿತ್ತು. ಚಪ್ಪಟೆಯಾಗಿ ಒಳಕ್ಕೆ ಸರಿದಿತ್ತು.

"ವರ್ಷಕ್ಕೆ ಎಷ್ಟು ಹೊಡೀತೀರಿ ಸ್ವಾಮಿ?"

"ಮೂರೋ ನಾಲ್ಕೋ."

"ಅಷ್ಟಕ್ಕೆ ಇದು ಸವೆಯಲ್ಲ. ಖಾಲಿ ಹೊಡೀತೀರಾ?"

ತಂದೆ ಹೌದೆಂದು ತಲೆಯಾಡಿಸಿದರು. "ಹೊಡೆದು ಸವೆಸಿದವರನ್ನು ನೋಡಿದೀನಿ, ಪೂಜೆ ಮಾಡಿ ಸವೆಸಿದವರು ನೀವೇ ಮೊದಲು" ಎಂದು ಸಾಹೇಬರು ನಕ್ಕರು. ಎದುರಿಗೆ ಕಾಡತೂಸು ಇದ್ದರೆ ಪೆಟ್ಟನ್ನು ಅದು ತಡೆದುಕೊಳ್ಳುತ್ತದೆಯಂತೆ, ಇಲ್ಲದಿದ್ದರೆ ಅಷ್ಟೂ ಪಿನ್ನಿನ ಮೇಲೇ ಬೀಳುತ್ತದೆಯಂತೆ. ಮೂವತ್ತು ವರ್ಷದ ಶ್ರದ್ಧೆ ಕೋವಿಯನ್ನು ಕೆಡಿಸಿತ್ತು, ಆ ಕೆಡುಕು ಒಬ್ಬನ ಪ್ರಾಣ ಉಳಿಸಿತ್ತು. ಇದನ್ನು ದೇವರ ಖಾತೆಗೆ ಹಾಕಬೇಕೋ ತಾತನ ತಪ್ಪು ತಿಳಿವಳಿಕೆಯ ಖಾತೆಗೋ ನನಗೆ ಇಂದಿಗೂ ಗೊತ್ತಿಲ್ಲ.

ತಂದೆ ಮೆಲ್ಲಗೆ ಹೇಳಿದರು: "ಹೊಸ ಪಿನ್ನು ಬೇಡ ಸಾಹೇಬ್ರೆ. ಹಾಗೇ ಜೋಡಿಸಿ ಕೊಟ್ಬಿಡಿ." ಏಕೆಂದು ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಹೇಳಿದರು. ಸಾಹೇಬರ ನಗು ನಿಂತುಹೋಯಿತು. ಒಂದು ಪಿನ್ನನ್ನು ಬೆರಳುಗಳಲ್ಲಿ ತಿರುಗಿಸಿ, "ಇದು ಪೂರ್ತಿ ಸತ್ತಿಲ್ಲ. ಹತ್ತು ಸಲ ಸುಮ್ಮನಿದ್ದು ಹನ್ನೊಂದನೇ ಸಲ ಹೊಡೆದುಬುಡುತ್ತೆ. ಹೊಡೆಯಲ್ಲ ಅಂದ್ಕೊಂಡು ಯಾರೋ ಯಾರ ಕಡೆಗೋ ಗುರಿ ಹಿಡೀತಾರೆ. ಹೊಡೆಯುತ್ತೆ ಅಂತ ಗೊತ್ತಿದ್ರೆ ಮನುಷ್ಯ ನೋಡಿ ಹಿಡೀತಾನೆ ಸ್ವಾಮಿ" ಎಂದರು. ತಂದೆ ಕೋವಿಯನ್ನು ಅವರ ಕಡೆಗೆ ಸರಿಸಿದರು. ಸಾಹೇಬರು ಹೊಸ ಪಿನ್ನು ಕೂರಿಸಿ, ತುದಿ ಎಷ್ಟು ಹೊರಗೆ ಬರುತ್ತದೆಂದು ನೋಡಿ, ಮತ್ತೆ ತೆಗೆದು ಅರದಿಂದ ಉಜ್ಜಿ, ಮತ್ತೆ ಕೂರಿಸಿ, ಮಧ್ಯಾಹ್ನದ ಹೊತ್ತಿಗೆ ಮುಗಿಸಿದರು. ಹಳೆಯ ಪಿನ್ನುಗಳನ್ನು ನಾನು ಕೇಳಿ ಪಡೆದೆ.

ತಂದೆ ನೇರ ಮನೆಗೆ ಹೋಗಲಿಲ್ಲ, ತೋಟಕ್ಕೆ ಸ್ಕೂಟರು ತಿರುಗಿಸೆಂದರು. ಮಾದಪ್ಪನಿಗೆ ಹೇಳುವುದು ಬೇಡವೆಂದು ದಾರಿಯುದ್ದಕ್ಕೂ ವಾದಿಸಿದೆ. ನನ್ನ ವಾದದಲ್ಲಿ ವಿವೇಕಕ್ಕಿಂತ ಹೆದರಿಕೆ ಹೆಚ್ಚಿತ್ತೆಂದು ಈಗ ನಾಚಿಕೆಯಾಗುತ್ತದೆ. ತಂದೆ ಮಾದಪ್ಪನನ್ನು ಕೂರಿಸಿ, ತಾವೂ ನೆಲದ ಮೇಲೇ ಕೂತು ಹೇಳಿದರು. ಅವನು ಪೊದೆಯ ಕಡೆ ನೋಡಿದ. ಆಮೇಲೆ ಕೇಳಿದ್ದು ಒಂದೇ ಮಾತು: "ಒಂದೇ ನಳಿಗೇನಾ ಬುದ್ಧಿ?"

ಸುಳ್ಳು ಹೇಳಲು ಅಷ್ಟು ಸುಲಭದ ಜಾಗ ಇನ್ನೊಂದಿರಲಿಲ್ಲ.

"ಎರಡೂ ಎಳೆದೆ ಮಾದಪ್ಪ" ಎಂದರು ತಂದೆ.

ಮಾದಪ್ಪ "ಆಗೋಯ್ತು ಬುಡಿ" ಎಂದು ಎದ್ದುಹೋಗಿ ದನಕ್ಕೆ ಹುಲ್ಲು ಹಾಕಿದ. ಕೆಲಸ ಬಿಡಲಿಲ್ಲ, ಯಾರ ಹತ್ತಿರವೂ ಆಡಲಿಲ್ಲ, ದೀಪಾವಳಿಗೆ ಎಂದಿನಂತೆ ಮನೆಗೆ ಬಂದು ಹೋಳಿಗೆ ಉಂಡುಹೋದ. ತಂದೆ ಮತ್ತೆಂದೂ ಆ ಕೋವಿಗೆ ಕಾಡತೂಸು ತುಂಬಲಿಲ್ಲ, ತೋಟಕ್ಕೆ ಒಯ್ಯಲೂ ಇಲ್ಲ. ಬರಿಗೈಯಲ್ಲಿ ಹೋಗುತ್ತಿದ್ದರು.

ಆದರೂ ಎರಡು ಸಾವಿರದ ಇಸವಿಯ ಈಚೆಗೆ ಆ ತೋಟ ಸೈಟುಗಳಾಗುವ ತನಕ, ಗೇಟಿನ ಹತ್ತಿರ ನಮ್ಮ ಸ್ಕೂಟರು ನಿಂತ ಸದ್ದು ಕೇಳಿದೊಡನೆ ಮಾದಪ್ಪ ಎಲ್ಲಿದ್ದರೂ ಗಟ್ಟಿಯಾಗಿ ಕೂಗುತ್ತಿದ್ದ: "ನಾನ್ ಇಲ್ಲಿವ್ನಿ ಬುದ್ಧಿ!" ತಂದೆ ನಿಂತಲ್ಲೇ ನಿಂತು, ಖಾಲಿ ಕೈಗಳೆರಡನ್ನೂ ಅವನಿಗೆ ಕಾಣುವಂತೆ ಮುಂದೆ ಹಿಡಿದು, "ಕಂಡೆ ಮಾದಪ್ಪ" ಎಂದು ಹೇಳಿಯೇ ಒಳಗೆ ಕಾಲಿಡುತ್ತಿದ್ದರು.