ಗಾಳಿ ತಾಗಬಾರದೆಂದು

ಹೋದ ವಾರ ನವಲಗುಂದದ ಗ್ಯಾರೇಜಿನ ಮುಂದೆ ಚಹಾ ಹಿಡಿದು ಕುಳಿತಿದ್ದೆ. ಅಕ್ಕನ ಮಗಳು ಗೌರಿಯ ಕಾರು ರಿಪೇರಿಗೆ ಬಂದಿತ್ತು. ಹೊಗೆ ಹೋಗುವ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಹೆಬ್ಬೆರಳಿನಷ್ಟು ಸಾಮಾನು ಕೆಟ್ಟು, ಅಲ್ಲೇ ಕಚ್ಚಿಕೊಂಡಿತ್ತಂತೆ. ಮೆಕ್ಯಾನಿಕ್ ಕೆಳಗೆ ಮಲಗಿ ಜಗ್ಗಿದ, ಬಡಿದ, ಎಣ್ಣೆ ಬಿಟ್ಟ. ಕೊನೆಗೆ ಅಲ್ಲಿಂದಲೇ ಕಾರಿನೊಳಗಿದ್ದ ಗೌರಿಗೆ ಕೂಗಿದ: "ಅಕ್ಕಾರ, ಗಾಡಿ ಚಾಲೂ ಮಾಡ್ರಿ. ಪೈಪ್ ಕಾದ್ರ ಬಿಡತೈತಿ."

ಚಹಾ ಸೀರೆಯ ಮೇಲೆ ಚೆಲ್ಲಿತು. ಇದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ, ಕಾರಿನೊಳಗೆ ಕುಳಿತು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಕ್ಕನ ಚೊಚ್ಚಲು ಬಾಣಂತನ ನಮ್ಮಲ್ಲೇ ಆಗಿತ್ತು. ನಿಮ್ಮ ಮನೆಯಲ್ಲೂ ಕಂಡಿರಬಹುದು: ಬಾಣಂತಿಗೆ ಗಾಳಿ ವೈರಿ, ಹೊಗೆ ನೆಂಟ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಗೋಣಿಚೀಲ, ಸಂಜೆಯಾದರೆ ಕೋಣೆ ತುಂಬ ಲೋಬಾನದ ಹೊಗೆ. ಐದು ತಿಂಗಳಾದರೂ ಅವ್ವನ ಪಾಲಿಗೆ ಅಕ್ಕ ಹಸಿಮೈಯಾಕೆಯೇ. ಮಿಶ್ರಿಕೋಟಿಯ ಗಂಡನ ಮನೆಗೆ ಕಳಿಸುವ ದಿನ ಕಾಕಾನ ಹಳೆಯ ಕಾರಿನ ಗಾಜು ಏರಿಸಿ, ಅವುಗಳ ಮೇಲೆ ಜಮಖಾನ ಇಳಿಬಿಟ್ಟು, ಬಾಗಿಲ ಸಂದಿಗೆಲ್ಲ ಅರಿವೆ ತುರುಕಿದಳು. ಕೂಸು ಅಕ್ಕನ ತೊಡೆಯ ಮೇಲೆ. ಜೊತೆಗೆ ಹೋಗುವಾಕೆ ನಾನು. ಹೊರಡುವ ಮುನ್ನ ಹೋಳಿಗೆಯನ್ನು ಎಷ್ಟು ತಿಂದಿದ್ದೆನೆಂದು ಹೇಳುವುದಿಲ್ಲ.

ಹುಬ್ಬಳ್ಳಿ ಇನ್ನೂ ದೂರವಿತ್ತು. ಕಾರಿನಡಿ ಟ್ರ್ಯಾಕ್ಟರಿನಂಥ ಸಪ್ಪಳ ಎದ್ದಿತು. ಸೈಲೆನ್ಸರಿನ ಜೋಡಣೆ ಸಡಿಲಾಗಿತ್ತು. ಬೇವಿನ ಮರದ ಕೆಳಗೆ ನಿಲ್ಲಿಸಿ ಕಾಕಾ ನಟ್ಟು ಬಿಚ್ಚುವ ಪಾನಾ ಹಿಡಿದು ಕಾರಿನಡಿ ನುಸುಳಿದ. ತುಕ್ಕು ಹಿಡಿದ ನಟ್ಟು ಅತ್ತಿತ್ತ ಅಲ್ಲಾಡಲಿಲ್ಲ.

"ಇಂಜಿನ್ ಬಂದ್ ಮಾಡೂದಿಲ್ಲ. ಕಾದಾಗ ಬಿಡತೈತಿ ಹಲ್ಕಾ ನಟ್ಟು," ಎಂದ.

ಒಳಗೆ ಕಮಟು ವಾಸನೆ ಬಂತು. ಬಾಗಿಲು ತೆಗೆಯಹೋದರೆ ಅಕ್ಕ ಕೈ ಹಿಡಿದಳು. "ಬ್ಯಾಡ ಬೇ. ಹೊಗಿ ಬಂದ್ರ ಬರಲಿ, ಗಾಳಿ ಬರದಿದ್ರ ಸಾಕು."

ಸ್ವಲ್ಪದರಲ್ಲೇ ತಲೆ ಭಾರವಾಯಿತು. ಹೋಳಿಗೆಯ ಅಮಲು ಎಂದುಕೊಂಡೆ. ಅಕ್ಕನ ತಲೆ ನನ್ನ ಹೆಗಲಿಗೆ ಬಿತ್ತು.

"ಏ ಸಣ್ಣಾಕಿ, ಸೀಮೆಎಣ್ಣಿ ಬಾಟ್ಲಿ ಕೊಡ," ಕಾಕಾ ಕಾರಿನಡಿಯಿಂದ ಕೂಗಿದ.

ಬಾಟಲಿ ನನ್ನ ಕಾಲ ಬಳಿಯೇ ಇತ್ತು. ಕೊಡಬೇಕೆಂದುಕೊಂಡೆ. ಕೈ ಏಳಲಿಲ್ಲ.

"ಹೋಳಿಗಿ ಜಡದು ಮಕ್ಕೊಂಡಿ ಏನಲೇ? ನಿನ್ನ ಲಗ್ನದಾಗೂ ಹಿಂಗಽ ಮಕ್ಕೊತಿ ನೀ!"

ನಗಬೇಕೆಂದುಕೊಂಡೆ. ಬಾಯಿಯೂ ನನ್ನದಾಗಿರಲಿಲ್ಲ. ಎಲ್ಲ ಕೇಳುತ್ತಿತ್ತು, ನಾನು ಮಾತ್ರ ಎಲ್ಲೋ ಬಾವಿಯ ತಳದಲ್ಲಿದ್ದೆ.

ಕಾಕಾ ಬೈಯುತ್ತ ಎದ್ದು ಬಾಗಿಲು ಎಳೆದ. ನಾನು ಅವನ ಕಾಲ ಮೇಲೆ ಉರುಳಿದೆ. ಜಮಖಾನ ಕಿತ್ತೆಸೆದ, ಅಕ್ಕನನ್ನು ಹೊರಗೆಳೆದ, ಕೂಸನ್ನು ಎತ್ತಿದ. ಅದರ ಕತ್ತು ಅವನ ಮುಂಗೈ ಮೇಲೆ ಜೋತುಬಿತ್ತು. ಟವೆಲ್ಲಿನಿಂದ ಹುಚ್ಚನಂತೆ ಗಾಳಿ ಹಾಕತೊಡಗಿದ.

"ಅಳ ನನ್ನವ್ವಾ, ಒಮ್ಮೆ ಅಳ!"

ಅಕ್ಕ ವಾಂತಿ ಮಾಡಿಕೊಳ್ಳುತ್ತಲೇ ತೆವಳಿಕೊಂಡು ಬಂದಳು. ಹೊಲದ ಕಡೆಯಿಂದ ಗಾಳಿ ಬೀಸಿತು. ಕೂಸು ಮುಖ ಕಿವಿಚಿತು. ಆಮೇಲೆ ಕಿರುಚಿತು. ಕಾಕಾ ರಸ್ತೆಯಲ್ಲೇ ಕುಕ್ಕರಿಸಿದ. "ಗಾಳಿ ತಾಗಬಾರದಂತ ವಿಷದಾಗ ಕುಂಡ್ರಿಸಿದ್ನೆಲ್ಲೋ ಶಿವನಽ!"

ನಟ್ಟು ಬಿಡಲೇ ಇಲ್ಲ. ಗಾಜೆಲ್ಲ ಇಳಿಸಿ, ಸಪ್ಪಳ ಮಾಡುತ್ತಲೇ ಮಿಶ್ರಿಕೋಟಿ ಮುಟ್ಟಿದೆವು. ತಲೆಬಟ್ಟೆಯಿಲ್ಲದ ಸೊಸೆಯನ್ನು ಕಂಡು ಅಕ್ಕನ ಅತ್ತೆ, "ಬಾಣಂತಿನ್ನ ಹಿಂಗ ಗಾಳಿಗೆ ಬಿಟ್ಟ ತರತಾರೇನ್ರಿ?" ಎಂದು ಕಾಕಾನನ್ನು ಝಾಡಿಸಿದರು. ಮಾತಿಗೆ ಮಾತು ಬಿಡದ ಕಾಕಾ ಅಂದು ಕೈಮುಗಿದ. ಅವ್ವನಿಗೆ ನಾವು ಯಾರೂ ಹೇಳಲಿಲ್ಲ.

ಆ ಕೂಸೇ ಆದ ಗೌರಿಗೂ.

ಈಗ ಗ್ಯಾರೇಜಿನಲ್ಲಿ ಅವಳು ಕಾರಿನೊಳಗೆ ಗಾಜು ಏರಿಸಿಕೊಂಡು ಕುಳಿತಿದ್ದಳು. ಕೀಲಿಗೆ ಕೈ ಹಾಕಿದ್ದಳು. ನಾನು ಓಡಿಹೋಗಿ ಬಾಗಿಲು ತೆಗೆದು ರಟ್ಟೆ ಹಿಡಿದೆ. "ಇಳಿ ಬೇ ಕೆಳಗ!"

"ಚಿಗವ್ವಾ, ಹಿಂಗ್ಯಾಕ ಜಗ್ಗಾಕತ್ತಿ?"

ಗ್ಯಾರೇಜಿನ ಆಚೆ, ಬಯಲಿನಲ್ಲಿ ನಿಂತು ಎಲ್ಲ ಹೇಳಿದೆ. ತಾನೇ ಗಾಡಿ ಚಾಲೂ ಮಾಡಿ ಪೈಪ್ ಕಾಯಿಸಿದ ಮೆಕ್ಯಾನಿಕ್, ಸೆನ್ಸರು ಬಿಟ್ಟಿತೆಂದು ಕೂಗಿದರೂ ಗೌರಿ ತಿರುಗಿ ನೋಡಲಿಲ್ಲ.

ಮರಳುವಾಗ ಅವಳಾಗಿಯೇ ನಾಲ್ಕೂ ಗಾಜು ಇಳಿಸಿದಳು. ಎರೆಹೊಲದ ಧೂಳು, ಬಿರುಗಾಳಿ. ರೂಢಿಯಂತೆ ಸೆರಗನ್ನು ಕಿವಿಗೆ ಎಳೆದುಕೊಂಡೆ. ಮತ್ತೆ ತೆಗೆದುಬಿಟ್ಟೆ.