ಫಾದರ್ ನಿಕೋಲಾರ ಅರ್ಧ ಪ್ರಾರ್ಥನೆ

ಇವತ್ತು ಬೆಳಿಗ್ಗೆ ಅಡುಗೆಮನೆಯ ಡ್ರಾಯರಿನಲ್ಲಿ ಬಾಯ್ಲರ್ ರಿಪೇರಿಯವರ ಚೀಟಿ ಹುಡುಕುತ್ತಿದ್ದವನ ಕೈಗೆ ಸಿಕ್ಕಿದ್ದು ಅತ್ತೆಯ ಕೈಬರಹದ ಒಂದು ಹಾಳೆ. ಗುಂಡಗುಂಡಗಿನ ಕನ್ನಡ ಅಕ್ಷರ, ಮೂಲೆಯಲ್ಲಿ ತೆಂಗಿನೆಣ್ಣೆಯ ಕಲೆ. ಆದರೆ ಬೀದರಿನಿಂದ ಕಾಸರಗೋಡಿನವರೆಗೆ ಯಾವ ಕನ್ನಡಿಗನಿಗೆ ಕೊಟ್ಟರೂ ಅದರಲ್ಲಿ ಒಂದು ಪದವೂ ಅರ್ಥವಾಗದು. ನಂಬಿಕೆ ಬರದಿದ್ದರೆ ನಮ್ಮ ಬೀದಿಯ ಪಾಟೀಲರನ್ನು ಕೇಳಿ. ಧಾರವಾಡದವರು, ಕನ್ನಡದ ವಿಷಯದಲ್ಲಿ ಯಾರಿಗೂ ಸೋಲುವವರಲ್ಲ. ಒಮ್ಮೆ ಚಹಾಕ್ಕೆ ಬಂದವರು ಇದನ್ನು ಎತ್ತಿಕೊಂಡು ಕನ್ನಡಕ ಒರೆಸಿ ಒರೆಸಿ ಓದಿದರು. "ಅಕ್ಷರ ಎಲ್ಲಾ ನಮ್ಮೂವ ಅದಾವ್ರಿ, ಮಾತು ಒಂದೂ ತಿಳೀವಲ್ದು. ಏನ್ ಮಂತ್ರ ಮಾಡಾಕ್ಹತ್ತೀರಿ ಮನ್ಯಾಗ?" ಎಂದು ಹಾಳೆಯನ್ನು ತುಸು ದೂರವೇ ಇಟ್ಟರು.

ಮಂತ್ರವಲ್ಲ, ಪ್ರಾರ್ಥನೆ. ಭಾಷೆ ಕ್ರೊಯೇಷಿಯನ್ನರದ್ದು, ಆದರೆ ಕ್ರೊಯೇಷಿಯದಲ್ಲಿ ಆಡುವಂಥದ್ದಲ್ಲ. ಐನೂರು ವರ್ಷಗಳ ಹಿಂದೆ ತುರ್ಕರ ದಾಳಿಗೆ ಹೆದರಿ ಕಡಲು ದಾಟಿ ಇಟಲಿಯ ಗುಡ್ಡಗಳಲ್ಲಿ ನೆಲೆಸಿದವರ ಮಾತು. ಈಗ ಅದು ಮೂರೇ ಮೂರು ಊರುಗಳಲ್ಲಿ ಉಳಿದಿದೆ. ಅದು ಲಂಡನ್ನಿನ ಹೌನ್ಸ್ಲೋದ ನಮ್ಮ ಅಡುಗೆಮನೆಗೆ ಬಂದದ್ದು ಫಾದರ್ ನಿಕೋಲಾ ಅವರ ದೆಸೆಯಿಂದ.

ಫಾದರ್ ನಮ್ಮ ಚರ್ಚಿನ ಪಾದ್ರಿಗಳಾಗಿದ್ದರು. ಆ ಮೂರು ಊರುಗಳಲ್ಲಿ ಒಂದರವರು. ಗಿಡ್ಡ ಆಳು, ದೊಡ್ಡ ದನಿ. ಹೋಟೆಲುಗಳಲ್ಲಿ, ಲಾಂಡ್ರಿಗಳಲ್ಲಿ ದುಡಿದು ಮುದುಕರಾಗಿ ಲಂಡನ್ನಿನ ಮೂಲೆಮೂಲೆಯಲ್ಲಿ ಕೂತಿದ್ದ ತಮ್ಮ ಕಡೆಯ ಏಳು ಮಂದಿಯನ್ನು ಅವರು ಒಬ್ಬೊಬ್ಬರನ್ನಾಗಿ ಹುಡುಕಿ ತೆಗೆದಿದ್ದರು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಹಾಲ್‌ನಲ್ಲಿ ಜಪಮಾಲೆ, ಆಮೇಲೆ ಕಾಫಿ, ಹರಟೆ, ಹಾಡು. ಬಾಗಿಲು ದಾಟಿದ ಮೇಲೆ ಇಂಗ್ಲಿಷ್ ಕೂಡದು, ಇಟಾಲಿಯನ್ ಕೂಡ ಕೂಡದು. ಸಕ್ಕರೆ ಬೇಕಿದ್ದರೂ ಊರಿನ ಮಾತಿನಲ್ಲೇ ಕೇಳಬೇಕು, ಪದ ಮರೆತವರಿಗೆ ಕಹಿ ಕಾಫಿಯೇ ಗತಿ. ಮರುತಿಂಗಳು ಯಾರೂ ಮರೆಯುತ್ತಿರಲಿಲ್ಲ.

ಜಪಮಾಲೆಯ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ, ಉಳಿದರ್ಧವನ್ನು ಮಿಕ್ಕವರೆಲ್ಲ ಒಟ್ಟಾಗಿ ಹೇಳಿ ಉತ್ತರ ಕೊಡುತ್ತಾರೆ. ನಮ್ಮ ಕೊಂಕಣಿ ಮನೆಗಳಲ್ಲಿ ಸಂಜೆ ನಡೆಯುವ 'ತೇರ್ಸ್' ಕೂಡ ಹೀಗೆಯೇ. ಫಾದರ್ ಅವರ ಏಳು ಮಂದಿಯಲ್ಲಿ ಇಬ್ಬರು ತೀರಿಕೊಂಡರು, ಒಬ್ಬರು ಹಾಸಿಗೆ ಹಿಡಿದರು. ಉಳಿದ ನಾಲ್ವರ ದನಿ ಹಾಲ್‌ನ ಅರ್ಧಕ್ಕೂ ಮುಟ್ಟುತ್ತಿರಲಿಲ್ಲ. ಹತ್ತು ಜನರಾದರೂ ಇಲ್ಲದಿದ್ದರೆ ಹಾಲ್ ಅನ್ನು ವ್ಯಾಯಾಮದ ಕ್ಲಾಸಿನವರಿಗೆ ಕೊಡುವುದೆಂದು ಚರ್ಚಿನ ಸಮಿತಿ ತೀರ್ಮಾನಿಸಿತು. ಬರುವ ತಿಂಗಳು ಬಂದು ನೋಡುತ್ತೇವೆ ಎಂದೂ ಹೇಳಿತು.

ನಾನು ಏರ್‌ಪೋರ್ಟಿನ ಸರಕು ವಿಭಾಗದವನು. ಖಾಲಿ ಜಾಗ ತುಂಬಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಎದೆಯುಬ್ಬಿಸಿ ಹೋಗಿ, "ಫಾದರ್, ಚಿಂತೆ ಬಿಡಿ. ಮಂಗಳೂರಿನವರು ಹನ್ನೆರಡು ಮಂದಿ ಬರುತ್ತೇವೆ, ತೆಪ್ಪಗೆ ಕೂರುತ್ತೇವೆ. ಎಣಿಸಿಕೊಂಡು ಹೋಗಲಿ," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನಗೆ ತಲೆಗಳು ಬೇಡ, ಬಾಯಿಗಳು ಬೇಕು. ಬರುವುದಾದರೆ ಉತ್ತರ ಕೊಡಬೇಕು," ಎಂದರು.

ಈ ವಿಷಯವನ್ನು ಮನೆಯಲ್ಲಿ ಹೇಳಿ ನಗಾಡೋಣವೆಂದುಕೊಂಡರೆ ಅತ್ತೆ ಆಗಲೇ ಪೆನ್ನು ಹುಡುಕುತ್ತಿದ್ದರು. "ಅದಕ್ಕೆಂತ ಮಾರಾಯ? ಅವರು ಹೇಳಲಿ, ನಾನು ಬರ್ಕೊಳ್ತೇನೆ. ಕೊಂಕಣಿಗೆ ಆಗುವ ಅಕ್ಷರ ಅವರ ಭಾಷೆಗೆ ಆಗುದಿಲ್ವಾ?" ಹುಟ್ಟಿದಾಗಿನಿಂದ ಕೊಂಕಣಿ ಪ್ರಾರ್ಥನೆಗಳನ್ನು ಕನ್ನಡ ಲಿಪಿಯಲ್ಲೇ ಓದಿದವರು ಅವರು, ದೇವರು ಆ ಲಿಪಿಯಲ್ಲಿ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಾನೆಂದು ನಂಬಿದ್ದರು. ನಾಲ್ಕು ಶನಿವಾರ ನಮ್ಮ ಮುಂದಿನ ಕೋಣೆಯಲ್ಲಿ ತಾಲೀಮು ನಡೆಯಿತು. ಫಾದರ್ ಹೇಳುವುದು, ನಾವು ಎಡವುವುದು, ಅವರು ಕೈಯೆತ್ತಿ ನಿಲ್ಲಿಸುವುದು. ನನ್ನನ್ನಂತೂ ಹೆಜ್ಜೆಹೆಜ್ಜೆಗೆ ನಿಲ್ಲಿಸಿದರು. ಅತ್ತೆಯೂ ಸುಮ್ಮನಿರಲಿಲ್ಲ. "ಹೀಗೆ ಎಳೆದರೆ ಅನ್ನ ಸೀದು ಹೋಗ್ತದೆ ಅಂತ ಹೇಳು ಫಾದರಿಗೆ," ಎಂದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಫಾದರ್ ವೇಗ ಹೆಚ್ಚಿಸಿದರು.

ಆ ಭಾನುವಾರ ಬಂತು. ಸಮಿತಿಯ ಹೆಂಗಸೊಬ್ಬರು ಎಣಿಕೆಯ ಪುಸ್ತಕ ಹಿಡಿದು ಬಾಗಿಲ ಬಳಿ ಕುರ್ಚಿ ಹಾಕಿ ಕೂತರು. ಫಾದರ್ ಮೊದಲರ್ಧ ಹೇಳಿದರು. ಹನ್ನೆರಡು ಮಂದಿ ಒಟ್ಟಿಗೆ ಉತ್ತರ ಕೊಟ್ಟ ರಭಸಕ್ಕೆ ಮುಂದೆ ಕೂತ ನಾಲ್ವರು ಮುದುಕರು ಬೆಚ್ಚಿ ಹಿಂತಿರುಗಿ ನೋಡಿದರು. ಎರಡನೆಯ ಸುತ್ತಿಗೆ ಅವರ ದನಿಯೂ ನಮ್ಮದರ ಜೊತೆ ಎದ್ದಿತು.

ಪ್ರಮಾದವಾದದ್ದು ಕೊನೆಯಲ್ಲಿ. ನಮ್ಮಲ್ಲಿ ತೇರ್ಸ್ ಮುಗಿದೊಡನೆ ಕಿರಿಯರು ಎದ್ದು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಬೇಡುವ ರೂಢಿ. ಫಾದರ್ ಇದನ್ನು ಕಲಿಸಿರಲಿಲ್ಲ, ಅವರ ಕಡೆ ಇದು ಇರಲೂ ಇಲ್ಲ. ಆದರೆ ಕಾಲು ಕೇಳಬೇಕಲ್ಲ! ಆಮೆನ್ ಎಂದದ್ದೇ ತಡ, ಅತ್ತೆ ನನ್ನ ಮಗಳು ರಿಯಾಳ ಬೆನ್ನಿಗೆ ತಿವಿದರು. ಹದಿಮೂರರ ಹುಡುಗಿ, ಮನೆಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಜವಾಬು ಕೊಡುವವಳು, ನೇರ ಹೋಗಿ ಆ ನಾಲ್ವರಲ್ಲಿ ಒಬ್ಬರಾದ ತೆರೇಸಾ ಎಂಬ ಮುದುಕಿಯ ಮುಂದೆ ಕೈಮುಗಿದು ನಿಂತಳು. ಅವಳ ಹಿಂದೆ ನಾವೆಲ್ಲರೂ ಸಾಲು ನಿಂತೆವು.

ತೆರೇಸಾಗೆ ಮೊದಲು ಏನೂ ತಿಳಿಯಲಿಲ್ಲ. ಫಾದರ್ ಬಗ್ಗಿ ಕಿವಿಯಲ್ಲಿ ವಿವರಿಸಿದರು. ಆಕೆ ರಿಯಾಳ ತಲೆಯ ಮೇಲೆ ಕೈಯಿಟ್ಟು ತನ್ನ ಮಾತಿನಲ್ಲಿ ಏನೇನೋ ಹೇಳತೊಡಗಿದರು, ನಿಲ್ಲಿಸಲೇ ಇಲ್ಲ. ಸ್ವಂತ ಮೊಮ್ಮಕ್ಕಳು ಆಕೆಯ ಬಾಯಲ್ಲಿ ಆ ಮಾತನ್ನು ಕೇಳಿಸಿಕೊಳ್ಳಲು ಕೂತದ್ದೇ ಇಲ್ಲವಂತೆ. ಬಾಗಿಲ ಬಳಿಯ ಹೆಂಗಸು ಪುಸ್ತಕ ಮುಚ್ಚಿ, ಹಾಲ್ ನಿಮ್ಮದೇ ಎಂದು ಹೇಳಿ ಹೋದರು.

ನಾನು ಗೆದ್ದ ಎತ್ತಿನಂತೆ ಕಾಫಿ ಹಿಡಿದು ತಿರುಗುತ್ತಿದ್ದಾಗ ಫಾದರ್ ಬಂದು, ಇಂಗ್ಲಿಷ್ ಆಡಬೇಕಿತ್ತಲ್ಲ, ನನ್ನನ್ನು ಬಾಗಿಲಾಚೆ ಕರೆದೊಯ್ದರು.

"ನನ್ನದಕ್ಕೆ ನೀವು ಉತ್ತರ ಕೊಟ್ಟಿರಿ. ನಿಮ್ಮ ಮನೆಯಲ್ಲಿ ಮೊದಲರ್ಧ ಯಾರು ಹೇಳುತ್ತಾರೆ?"

"ಅತ್ತೆ."

"ಉತ್ತರ ಯಾರು ಕೊಡುತ್ತಾರೆ?"

ನನ್ನ ಶಿಫ್ಟು, ಹೆಂಡತಿಯ ಶಿಫ್ಟು, ರಿಯಾಳ ಟ್ಯೂಷನ್ನು ಎಂದು ನಮ್ಮಲ್ಲಿ ತೇರ್ಸ್ ನಿಂತು ವರ್ಷಗಳಾಗಿದ್ದವು. ಅತ್ತೆ ತಮ್ಮ ಕೋಣೆಯಲ್ಲಿ ಕೂತು ಎರಡೂ ಅರ್ಧಗಳನ್ನು ಒಬ್ಬರೇ ಹೇಳಿಕೊಳ್ಳುತ್ತಿದ್ದರು. ಗೋಡೆಯಾಚೆ ಟಿವಿ ನೋಡುತ್ತಾ ನಾನು ಅದನ್ನು ಕೇಳಿಸಿಕೊಂಡವನೇ. ನಾಚಿಕೆಯಾಯಿತು. ಅಂದು ಸಂಜೆಯೇ ಅವರ ಕೋಣೆಗೆ ಹೋಗಿ ಎಲ್ಲರೂ ನೆಲದ ಮೇಲೆ ಕೂತೆವು. ಅತ್ತೆ ಮೊದಲರ್ಧ ಹೇಳಿ ನಿಲ್ಲಿಸಿ, ನಮ್ಮ ಕಡೆ ನೋಡಿದರು.

ಈಗ ಅತ್ತೆ ಇಲ್ಲ. ತೆರೇಸಾ ಹೋಗಿ ಎರಡು ವರ್ಷ, ಮಿಕ್ಕ ಮೂವರೂ ಹೋದರು. ಫಾದರ್ ನಿವೃತ್ತರಾಗಿ ಈ ಬೇಸಗೆಯಲ್ಲಿ ತಮ್ಮ ಊರಿಗೆ ಮರಳಿದರು. ಹೋಗುವಾಗ ಮೊದಲರ್ಧವನ್ನು ನನಗೆ ಒಪ್ಪಿಸಿದರು. ಆ ಊರಿನವರು ಒಬ್ಬರೂ ಇಲ್ಲದೆ ನಾವು ಮಂಗಳೂರಿನವರು ಅವರ ಭಾಷೆಯಲ್ಲಿ ಪ್ರಾರ್ಥಿಸುವುದು ನನಗೇ ನಾಟಕದಂತೆ ಕಾಣತೊಡಗಿತ್ತು. ಇವತ್ತು ಮೊದಲ ಭಾನುವಾರ; ಇವತ್ತೇ ಕೊನೆ, ಹಾಲ್‌ನ ಕೀಲಿಕೈ ಸಮಿತಿಗೆ ಕೊಟ್ಟುಬಿಡುವುದು ಎಂದು ನಿಶ್ಚಯಿಸಿಯೇ ಮಧ್ಯಾಹ್ನ ಮನೆ ಬಿಟ್ಟೆ.

ಬಾಗಿಲ ಬಳಿ ಬ್ಯಾಗು ಹೊತ್ತ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕೆಲಸವಂತೆ, ತೆರೇಸಾ ಅವಳ ಅಜ್ಜಿಯಂತೆ. "ಅಜ್ಜಿಯ ಮಾತು ಇಲ್ಲಿ ಇನ್ನೂ ಇದೆ ಅಂತ ಚರ್ಚಿನವರು ಅಂದರು. ನೀವು ಅಜ್ಜಿಯ ಊರಿನವರಾ?"

"ಅಲ್ಲಮ್ಮ. ನಾವು ಮಂಗಳೂರಿನವರು."

ಅವಳು ನಕ್ಕಳು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿತು. "ನನಗೆ ಒಂದು ಪದವೂ ಬರುವುದಿಲ್ಲ," ಎಂದಳು.

"ನಮಗೂ ಬರುತ್ತಿರಲಿಲ್ಲ. ಒಳಗೆ ಬಾ," ಎಂದು ಬಾಗಿಲು ತೆರೆದೆ. ಅವಳು ಮುಂದಿನ ಸಾಲಿನಲ್ಲಿ, ನಮ್ಮವರ ನಡುವೆ ಕೂತಳು. ನಾನು ಮೊದಲರ್ಧ ಹೇಳಿದೆ. ನಮ್ಮವರು ಉತ್ತರ ಕೊಟ್ಟರು. ನಾಲ್ಕನೆಯ ಸಲಕ್ಕೆ, ಎರಡು ಪದ ತಡವಾಗಿ, ಅವಳೂ ಕೊಟ್ಟಳು.