ಅಣ್ಣನಿಗೆ ಬಾರದ ರ‍್ಯಾಂಕು

ಅಣ್ಣ ನನಗಿಂತ ಒಂದು ವರ್ಷ ದೊಡ್ಡವನು. ಐದನೇ ಇಯತ್ತೆಯಲ್ಲಿ ಕಾಮಾಲೆಯಾಗಿ ಶಾಲೆ ತಪ್ಪಿದ್ದರಿಂದ ನನ್ನ ತರಗತಿಗೇ ಬಂದು ಕೂತ. ಆಮೇಲೆ ಹೈಸ್ಕೂಲು, ಕುಮಟೆಯ ಪಿಯು ಕಾಲೇಜು ಎಲ್ಲವೂ ಒಟ್ಟಿಗೇ. ಹೊನ್ನಾವರದಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದೆವು. ನನಗೆ ಹತ್ತದ ಲೆಕ್ಕಗಳನ್ನು ಅವನು ಆ ನೂಕುನುಗ್ಗಲಿನಲ್ಲಿ ಬಾಯಲ್ಲೇ ಬಿಡಿಸಿ ಹೇಳುತ್ತಿದ್ದ. ಇಂಜಿನಿಯರಿಂಗ್ ಓದುವ ಆಸೆ ಮೊದಲು ಹುಟ್ಟಿದ್ದು ಅವನಿಗೆ. ಅವನನ್ನು ನೋಡಿ ನನಗೂ ಹಿಡಿಯಿತು.

ಅವನ ತೊಂದರೆಯೆಲ್ಲ ಬರವಣಿಗೆಯದು. ಹುಟ್ಟಾ ಎಡಚ. ಎಡಗೈಯಲ್ಲಿ ಅಕ್ಷರ ತಿದ್ದಬಾರದೆಂದು ಅಜ್ಜಿ ಹಟ ಹಿಡಿದು ಬಲಗೈಗೆ ಬಳಪ ಕೊಟ್ಟಿದ್ದಳು. ಅಕ್ಷರವೇನೋ ದುಂಡಗೆ ಬರುತ್ತಿತ್ತು, ಬೇಗ ಬರುತ್ತಿರಲಿಲ್ಲ. ಯಾವ ಪರೀಕ್ಷೆಯಲ್ಲೂ ಅವನು ಕೊನೆಯ ಪುಟದ ಪ್ರಶ್ನೆಗಳನ್ನು ಮುಟ್ಟಿದ್ದಿಲ್ಲ. ಉತ್ತರ ಗೊತ್ತಿರುತ್ತಿತ್ತು, ಗಂಟೆ ಹೊಡೆದುಬಿಡುತ್ತಿತ್ತು.

ಪಿಯು ಫಲಿತಾಂಶ ಬಂದಾಗ ಇಬ್ಬರೂ ಪಾಸಾಗಿದ್ದೆವು. ಆದರೆ ಭೌತ, ರಸಾಯನ, ಗಣಿತ ಮೂರೂ ಸೇರಿ ಇಂಜಿನಿಯರಿಂಗಿಗೆ ಬೇಕಾದ ಶೇಕಡಾವಾರು ಅಣ್ಣನಿಗೆ ಬಂದಿರಲಿಲ್ಲ. ಅದು ಬಾರದಿದ್ದರೆ ಸಿಇಟಿಯಲ್ಲಿ ಎಷ್ಟೇ ಅಂಕ ತೆಗೆದರೂ ರ‍್ಯಾಂಕು ಇಲ್ಲ. "ಎರಡನೇ ಪರೀಕ್ಷೆ ಉಂಟಲ್ಲ, ಅದರಲ್ಲಿ ಏರಿಸ್ಕೋ" ಎಂದರು ನಮ್ಮ ಗಣಿತದ ಮೇಷ್ಟ್ರು. ಆ ಭರವಸೆಯಲ್ಲೇ ಅವನು ಸಿಇಟಿ ಬರೆದ. ಬರೆಯುವುದೇನು, ವೃತ್ತಕ್ಕೆ ಮಸಿ ತುಂಬುವುದು ಅಷ್ಟೆ. ಹೊರಗೆ ಬಂದವನ ಮುಖ ನೋಡಿಯೇ ಚೆನ್ನಾಗಿ ಮಾಡಿದ್ದಾನೆಂದು ತಿಳಿಯಿತು. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ನನಗೆ ಕಬ್ಬಿನಹಾಲು ಕೊಡಿಸಿದ.

ಎರಡನೇ ಪರೀಕ್ಷೆಯಲ್ಲಿ ಗಣಿತ ಏರಿತು, ಉಳಿದೆರಡು ಏರಲಿಲ್ಲ. ಕೊರತೆ ಕೆಲವೇ ಅಂಕಗಳದ್ದು.

ಸಿಇಟಿ ಫಲಿತಾಂಶದ ದಿನ ಮಳೆ. ದೋಣಿಗಳಿಗೆ ರಜೆಯಿದ್ದ ಕಾಲ, ಬೋಟಿಗೆ ಹೋಗುವ ಅಪ್ಪನೂ ಮನೆಯಲ್ಲಿದ್ದ. ಅಣ್ಣ ಮೊದಲು ನನ್ನದನ್ನು ತೆರೆದ, ಆಮೇಲೆ ತನ್ನದನ್ನು. ಅವನ ಸಿಇಟಿ ಅಂಕ ನನಗಿಂತ ಬಹಳ ಮೇಲಿತ್ತು. ರ‍್ಯಾಂಕು ಇರಬೇಕಾದಲ್ಲಿ ಮಾತ್ರ ಅರ್ಹನಲ್ಲ ಎಂದಿತ್ತು.

"ಎಂತ ಆತು?" ಎಂದು ಅಪ್ಪ ಕೇಳಿದ.

"ತಂಗಿಗೆ ಬಂತು" ಎಂದ ಅಣ್ಣ.

"ನಿಂಗೆ?"

"ನಂಗೆ ಇಲ್ಲ."

ಅಮ್ಮ ಪಾಯಸಕ್ಕೆಂದು ತುರಿದಿಟ್ಟಿದ್ದ ಕಾಯಿಯನ್ನು ಸಾರಿಗೆ ಹಾಕಿದಳು. ಅದು ಅವಳು ಬೇಕೆಂದೇ ಮಾಡಿದ್ದೆಂದು ನನಗೆ ಊಟಕ್ಕೆ ಕೂತಾಗ ತಿಳಿಯಿತು. ಅಣ್ಣನಿಗೂ ತಿಳಿದಿರಬೇಕು, ತಲೆ ಎತ್ತದೆ ಉಂಡ.

ಮೂರನೇ ಪರೀಕ್ಷೆಯೂ ಇತ್ತು. ಮೇಷ್ಟ್ರು ಫೋನು ಮಾಡಿದರು. "ಸಾಕು ಸರ್" ಎಂದಷ್ಟೇ ಹೇಳಿದ ಅಣ್ಣ. ಅಮ್ಮ ಅತ್ತು ಕೇಳಿಕೊಂಡಳು. "ಮತ್ತೂ ಅದೇ ಆಗ್ತದೆ ಅಮ್ಮ. ನನ್ನ ಕೈ ಅಷ್ಟೇ ಓಡೋದು" ಎಂದು ಎದ್ದು ಹೋದ.

ನನಗೆ ಕಾಲೇಜು ಆರಿಸಿಕೊಟ್ಟವನೂ ಅವನೇ. ಯಾವ ಕಾಲೇಜಿನಲ್ಲಿ ಯಾವ ವಿಭಾಗಕ್ಕೆ ಹಿಂದಿನ ವರ್ಷ ಎಷ್ಟನೇ ರ‍್ಯಾಂಕಿಗೆ ಸೀಟು ಮುಗಿದಿತ್ತೆಂದು ಅವನಿಗೆ ಬಾಯಿಪಾಠ. ತನಗೆಂದು ವರ್ಷವಿಡೀ ನೋಡಿಟ್ಟುಕೊಂಡಿದ್ದು. ಮೊಬೈಲಿನಲ್ಲಿ ಒಂದೊಂದನ್ನೇ ತುಂಬುತ್ತ, "ಇದು ಮೇಲಿರ್ಲಿ, ಲ್ಯಾಬು ಒಳ್ಳೇದುಂಟಂತೆ" ಎನ್ನುತ್ತಿದ್ದ. ನಾನು ಹ್ಞೂಂ ಎನ್ನುತ್ತಿದ್ದೆ. ಅವನ ಮುಖ ನೋಡಲಾಗುತ್ತಿರಲಿಲ್ಲ.

ದಾಖಲೆ ತೋರಿಸಲು ಕುಮಟೆಗೆ ಹೋಗಬೇಕಾದಾಗ ಅಪ್ಪ, "ನಂಗೆ ಅಲ್ಲಿ ಎಂತದೂ ತಿಳೀತಿಲ್ಲ, ಅಣ್ಣನೇ ಬರ್ಲಿ" ಎಂದ. ಮೇಜಿನ ಆಚೆ ಕೂತಿದ್ದ ಹೆಂಗಸು ನನ್ನ ಕಾಗದಗಳನ್ನು ನೋಡಿ ಮುಗಿಸಿ ಅಣ್ಣನತ್ತ ಕೈ ಚಾಚಿದರು. "ನಿಂದು ಕೊಡು."

"ನಂದಿಲ್ಲ ಮೇಡಂ. ಇವಳ ಜೊತೆ ಬಂದದ್ದು."

"ಓ, ನೀನೂ ಪರೀಕ್ಷೆ ಬರೆದವ ಅಂತ ಮಾಡಿದೆ" ಎಂದರು ಅವರು, ಏನೂ ಮನಸ್ಸಿನಲ್ಲಿಲ್ಲದೆ. ಅಣ್ಣ ನಕ್ಕ. ಹೊರಗೆ ಬಂದ ಮೇಲೆ ನನ್ನ ಕಾಗದಗಳನ್ನು ಒಂದೊಂದಾಗಿ ಜೋಡಿಸಿ ಚೀಲಕ್ಕೆ ಹಾಕಿದ.

ಈಗ ನಾನು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಅಣ್ಣ ಭಟ್ಕಳದ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿದ್ದಾನೆ. ಕಳೆದ ರಜೆಯಲ್ಲಿ ಊರಿಗೆ ಬರುವಾಗ ಭಟ್ಕಳದಲ್ಲಿಳಿದು ಅವನನ್ನು ಕಾಣಲು ಹೋದೆ. ತೋಳು ಮಡಚಿದ ಒದ್ದೆ ಅಂಗಿಯಲ್ಲೇ ಹೊರಗೆ ಬಂದು, ಚಾ ಕುಡಿಸಿ, ಏನೇನು ಪಾಠ ನಡೀತಿದೆ ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಕೇಳಿ, "ನಂಗೀಗ ಅದೆಲ್ಲ ಮರ್ತೋಗಿದೆ" ಎಂದ.

"ಡಿಪ್ಲೊಮಾ ಆದ್ರೂ ಸೇರು ಅಣ್ಣ. ಅದಕ್ಕೆ ನಿನ್ನ ಅಂಕ ಸಾಕು."

ಅವನು ಲೋಟ ಕೆಳಗಿಟ್ಟ. "ಅಲ್ಲೂ ಪರೀಕ್ಷೆ ಬರೀಬೇಕಲ್ಲ" ಎಂದು ಹೇಳಿ, ನನ್ನ ಚೀಲ ಹೆಗಲಿಗೇರಿಸಿಕೊಂಡು ಹೊನ್ನಾವರದ ಬಸ್ಸಿನ ಕಡೆ ನಡೆದ. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಕೆಳಗಿಳಿದ. ಕೆಲಸಕ್ಕೆ ಹೊತ್ತಾಗಿತ್ತೋ ಏನೋ, ಬಸ್ಸು ಹೊರಡುವವರೆಗೆ ನಿಲ್ಲಲಿಲ್ಲ.